ಮೇ 22ರ ಆ ಬೆಳಗು: ಒಂದು ನೆನಪು, ಕೆಲವು ಪಾಠಗಳು

2025ರ ಜೂನ್ 12ರಂದು ಅಹ್ಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಬದುಕಿ ಉಳಿದದ್ದು ಒಬ್ಬರು ಮಾತ್ರ. ನೆಲದ ಮೇಲಿದ್ದವರೂ ಸೇರಿ ಒಟ್ಟು 260 ಜೀವಗಳು ಹೋದವು. ಆ ದಿನ ದೇಶವೆಲ್ಲ ಟಿವಿಯ ಮುಂದೆ ಕುಳಿತಿತ್ತು. ಕಾಪುವಿನಲ್ಲಿ ನಮ್ಮ ಎದುರು ಮನೆಯಲ್ಲಿ ಮಾತ್ರ ಟಿವಿ ಹಾಕಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಆ ಮನೆಯ ಹುಡುಗಿ ನಮ್ಮ ಜಗಲಿಗೆ ಬಂದಳು. ಅವಳಿಗೆ ಆಗ 18 ವರ್ಷ. ಪಿಯುಸಿ ಮುಗಿಸಿ ಕಾಲೇಜಿಗೆ ಸೇರುವ ತಯಾರಿಯಲ್ಲಿದ್ದಳು. "ಅಜ್ಜಾ, ನನ್ನ ಬಾಪ ಬರುವ ದಿನ ನೀವು ಬಜ್ಪೆಗೆ ಹೋಗಿದ್ದಿರಂತೆ. ಆ ದಿನ ಏನಾಯಿತೆಂದು ಮನೆಯಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ನೀವು ಬರೆದು ಕೊಡುತ್ತೀರಾ?" ಎಂದು ಕೇಳಿದಳು.

ಮೂವತ್ತು ವರ್ಷ ಸಮಾಜ ಪಾಠ ಹೇಳಿದವನು ನಾನು. ಪಾಣಿಪತ್ ಕದನ ಯಾವಾಗ, ಜಲಿಯನ್‌ವಾಲಾ ಬಾಗ್ ದುರಂತ ಯಾವಾಗ ಎಂದು ಮಕ್ಕಳಿಂದ ಬಾಯಿಪಾಠ ಹೇಳಿಸಿದವನು. ಕಣ್ಣಾರೆ ಕಂಡ ದುರಂತದ ಬಗ್ಗೆ ಹದಿನೈದು ವರ್ಷಗಳಲ್ಲಿ ಒಂದು ಸಾಲನ್ನೂ ಬರೆದಿರಲಿಲ್ಲ. ಆ ಹುಡುಗಿಗೆ ಬರೆದು ಕೊಟ್ಟದ್ದನ್ನೇ ಸ್ವಲ್ಪ ವಿಸ್ತರಿಸಿ, ಅವಳ ತಾಯಿಯ ಅನುಮತಿ ಪಡೆದು ಈ ಸಂಚಿಕೆಗೆ ಕೊಡುತ್ತಿದ್ದೇನೆ. ಆ ಮನೆಯವರ ಹೆಸರುಗಳನ್ನು ಬರೆದಿಲ್ಲ.

ಗಲ್ಫಿನ ದಾರಿ

ಪ್ರಿಯ ವಿದ್ಯಾರ್ಥಿಗಳೇ, ಮೊದಲು ಬಜ್ಪೆಯ ವಿಮಾನ ನಮ್ಮವರಿಗೆ ಏನಾಗಿತ್ತು ಎಂಬುದನ್ನು ತಿಳಿಯಬೇಕು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಯಾವ ಊರಿಗೆ ಹೋದರೂ ಗಲ್ಫಿನ ದುಡಿಮೆಯಿಂದ ಎದ್ದು ನಿಂತ ಮನೆಗಳಿವೆ. ಮಸೀದಿಗಳ ದುರಸ್ತಿ, ತಂಗಿಯಂದಿರ ಮದುವೆ, ತಮ್ಮಂದಿರ ಓದು, ನಮ್ಮಂಥ ವಿದ್ಯಾಸಂಸ್ಥೆಗಳ ದೇಣಿಗೆ ಎಲ್ಲದರ ಹಿಂದೆಯೂ ಆ ದುಡಿಮೆಯಿದೆ. ಇದು ಮುಸ್ಲಿಮರ ಕಥೆ ಮಾತ್ರವಲ್ಲ. ನಮ್ಮ ಕರಾವಳಿಯ ಎಲ್ಲ ಜಾತಿ ಮತದವರೂ ಅಲ್ಲಿ ಬೆವರು ಸುರಿಸಿದ್ದಾರೆ.

ಮೊದಲ ತಲೆಮಾರಿನವರು ಬಸ್ಸು ಹತ್ತಿ ಬೊಂಬಾಯಿಗೆ ಹೋಗಿ, ಅಲ್ಲಿಂದ ಹಡಗಿನಲ್ಲೋ ವಿಮಾನದಲ್ಲೋ ಸಮುದ್ರ ದಾಟುತ್ತಿದ್ದರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ಓಡತೊಡಗಿದ ಮೇಲೆ ಬೊಂಬಾಯಿ ಹತ್ತಿರವಾಯಿತು. ಆದರೂ ರಜೆಯ ಮೂವತ್ತು ದಿನಗಳಲ್ಲಿ ಮೂರು ನಾಲ್ಕು ದಿನ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಬಜ್ಪೆಯ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದು ಇಳಿದಿದ್ದರು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣವಿದು. ಟೇಬಲ್ ಟಾಪ್ ಎನ್ನುವುದು ಇದಕ್ಕೇ. ಹಳೆಯ ರನ್‌ವೇ ಸುಮಾರು 1,600 ಮೀಟರ್ ಉದ್ದವಿತ್ತು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ರನ್‌ವೇ ಮೀರಿ ಅಂಚಿನಾಚೆಗೆ ಹೋಗಿ ನಿಂತಿತ್ತು. ಕಾರ್ಕಳದ ಶಾಸಕರೂ ರಾಜ್ಯದ ಹಣಕಾಸು ಸಚಿವರೂ ಆಗಿದ್ದ ವೀರಪ್ಪ ಮೊಯಿಲಿಯವರು ಅದರಲ್ಲಿದ್ದರು. ವಿಮಾನ ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ. ಆದರೆ ಯಾರ ಪ್ರಾಣವೂ ಹೋಗಲಿಲ್ಲ. ಹಾಗಾಗಿ ಆ ಘಟನೆ ಬೇಗನೆ ಮರೆತುಹೋಯಿತು.

2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂತು. ಅದೇ ವರ್ಷ ದುಬೈಗೆ ನೇರ ವಿಮಾನವೂ ಬಂತು. ರಾತ್ರಿ ದುಬೈಯಲ್ಲಿ ಹತ್ತಿದವನು ಬೆಳಗ್ಗೆ ಉಮ್ಮ ಮಾಡಿದ ಚಹಾ ಕುಡಿಯಬಹುದು ಎಂದು ಜನ ಖುಷಿಪಟ್ಟರು.

ಬಜ್ಪೆಯಲ್ಲಿ ಕಾದದ್ದು

ಎದುರು ಮನೆಯ ಹುಡುಗ ದುಬೈಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ಕಾರ್ಕಳದವಳು, ನನ್ನ ಹಳೆಯ ವಿದ್ಯಾರ್ಥಿನಿ. ಅವರ ಮಗುವಿಗೆ ಮೂರು ವರ್ಷ. ಜೂನಿನಲ್ಲಿ ಮಗುವನ್ನು ಎಲ್‌ಕೆಜಿಗೆ ಸೇರಿಸಬೇಕು, ಮೊದಲ ದಿನ ತಾನೇ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋಗಬೇಕು ಎಂಬುದು ಅವನ ಆಸೆ. ಅದಕ್ಕೆಂದೇ ಎರಡು ವರ್ಷಗಳ ನಂತರ ರಜೆ ಪಡೆದಿದ್ದ.

2010ರ ಮೇ 22, ಶನಿವಾರ. ನಸುಕಿನಲ್ಲಿ ಅವನ ತಂದೆ, ಕಾರ್ಕಳದ ಭಾವ ಮತ್ತು ನಾನು ಬಾಡಿಗೆ ಓಮ್ನಿಯಲ್ಲಿ ಹೊರಟೆವು. ದಾರಿಯಲ್ಲಿ ಮುಲ್ಕಿಯ ಮಸೀದಿಯೊಂದರಲ್ಲಿ ಸುಬ್ಹಿ ನಮಾಝ್ ಮುಗಿಸಿ, ಕಿನ್ನಿಗೋಳಿ, ಕಟೀಲು ದಾರಿಯಾಗಿ ಬಜ್ಪೆ ತಲುಪಿದೆವು. ಮಳೆ ಇರಲಿಲ್ಲ. ಕೆಂಜಾರಿನ ಬದಿಯ ಹೊಸ ಟರ್ಮಿನಲ್ ಉದ್ಘಾಟನೆಯಾಗಿ ಒಂದು ವಾರವಷ್ಟೇ ಆಗಿತ್ತು. ವಿಮಾನಗಳು ಇನ್ನೂ ಹಳೆಯ ಕಟ್ಟಡಕ್ಕೇ ಬರುತ್ತಿದ್ದವು. ಅದರ ಮುಂದೆ ನಮ್ಮಂತೆಯೇ ಬಹಳ ಜನ ಕಾದಿದ್ದರು. ಮಕ್ಕಳಿಗೆ ಹೊಸ ಬಟ್ಟೆ ಹಾಕಿಸಿ ಕರೆತಂದವರಿದ್ದರು.

ಆರು ಗಂಟೆ ಐದು ನಿಮಿಷದ ಸುಮಾರಿಗೆ ದೊಡ್ಡ ಸದ್ದು ಕೇಳಿಸಿತು. ಅದೇನೆಂದು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ದೂರದಲ್ಲಿ ಹೊಗೆ ಎದ್ದಿತು. ಟಯರ್ ಒಡೆದಿದೆ ಎಂದು ಒಬ್ಬರು, ಬೆಂಕಿ ಆರಿಸಿದ್ದಾರೆ, ಎಲ್ಲರೂ ಇಳಿದಿದ್ದಾರೆ ಎಂದು ಇನ್ನೊಬ್ಬರು ಹೇಳಿದರು. ಒಳ್ಳೆಯ ಸುದ್ದಿಯನ್ನು ನಂಬುವುದು ಸುಲಭ. ನಾವು ಇನ್ನೂ ಬಹಳ ಹೊತ್ತು ಬಾಗಿಲಿನ ಕಡೆಗೇ ನೋಡುತ್ತಾ ನಿಂತೆವು. ಕೊನೆಗೆ ನಿಜ ತಿಳಿದದ್ದು ನಿಲ್ದಾಣದವರಿಂದಲ್ಲ, ದುಬೈಯಿಂದ. ಅಲ್ಲಿ ಟಿವಿ ನೋಡಿದವರು ಭಾವನ ಮೊಬೈಲಿಗೆ ಕರೆ ಮಾಡಿದ್ದರು. ಹುಡುಗನ ತಂದೆ "ಇನ್ನಾ ಲಿಲ್ಲಾಹಿ" ಎಂದು ಅಲ್ಲೇ ನೆಲಕ್ಕೆ ಕುಳಿತರು.

ವಿಮಾನದಲ್ಲಿ ಇದ್ದದ್ದು 160 ಪ್ರಯಾಣಿಕರು, 6 ಸಿಬ್ಬಂದಿ. 158 ಮಂದಿ ತೀರಿಕೊಂಡರು. ಉಳಿದದ್ದು 8 ಮಂದಿ. ಅಗ್ನಿಶಾಮಕ ದಳದವರ ಜೊತೆಗೆ ಕೆಂಜಾರಿನ ಜನರು ಆ ಕಡಿದಾದ ಕಣಿವೆಗೆ ಇಳಿದು ಬರಿಗೈಯಲ್ಲಿ ದೇಹಗಳನ್ನು ಹೊತ್ತು ತಂದರು. ಅವರು ಸತ್ತವರ ಜಾತಿ ಕೇಳಲಿಲ್ಲ ಎಂಬುದನ್ನು ಇಂದಿನ ದಿನಗಳಲ್ಲಿ ಒತ್ತಿ ಹೇಳಬೇಕಾಗಿದೆ.

ಅವನು ಹಾಕಿದ್ದ ಶರ್ಟು

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮುಂದೆ ಕಳೆದ ಆ ಎರಡು ದಿನಗಳನ್ನು ಪೂರ್ತಿ ವಿವರಿಸುವ ಶಕ್ತಿ ನನಗಿಲ್ಲ. ಒಂದು ಸಂಗತಿಯನ್ನಷ್ಟೇ ಹೇಳುತ್ತೇನೆ. ಗುರುತು ಹಿಡಿಯಲು ವಿವರಗಳನ್ನು ಬರೆದು ಕೊಡಬೇಕಿತ್ತು. ಎತ್ತರ, ಬಣ್ಣ, ಹಲ್ಲು, ಧರಿಸಿದ್ದ ಬಟ್ಟೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಶರ್ಟು ಹಾಕಿದ್ದ ಎಂದು ಕೇಳಿದರೆ ತಂದೆಗೆ ಗೊತ್ತಿಲ್ಲ. ಮನೆಗೆ ಫೋನ್ ಮಾಡಿದರೆ ಹೆಂಡತಿಗೂ ಗೊತ್ತಿಲ್ಲ. ಎರಡು ವರ್ಷದಿಂದ ಅವನನ್ನು ನೋಡಿದವರೇ ಇಲ್ಲ. ಅವನ ಬಟ್ಟೆಗಳೆಲ್ಲ ಅಲ್ಲೇ ಕೊಂಡವು.

ಕೊನೆಗೆ ದುಬೈಯಲ್ಲಿ ಅವನ ಜೊತೆ ಒಂದೇ ರೂಮಿನಲ್ಲಿದ್ದ, ಮಣಿಪಾಲ ಸಮೀಪದ ಪರ್ಕಳದ ಹಿಂದೂ ಹುಡುಗನಿಗೆ ಕರೆ ಮಾಡಿದೆವು. ಅವನು ಅಳುತ್ತಲೇ ಎಲ್ಲ ಹೇಳಿದ. ನೀಲಿ ಚೌಕುಳಿ ಶರ್ಟು, ಕಂದು ಬೆಲ್ಟು, ಎಡಗಡೆಯ ದವಡೆ ಹಲ್ಲಿಗೆ ಸಿಮೆಂಟು. "ರೂಮಿನ ಕೀ ಅವನ ಕಿಸೆಯಲ್ಲೇ ಉಳಿದಿದೆ, ಕೊಟ್ಟು ಹೋಗಲು ಮರೆತಿದ್ದಾನೆ" ಎಂದ. ಎರಡನೆಯ ದಿನ ಸಂಜೆ ಆ ಬೆಲ್ಟಿನಿಂದ ಮತ್ತು ಕೀಲಿಕೈಯಿಂದ ಅವನ ಗುರುತು ಸಿಕ್ಕಿತು. ಕಾಪುವಿನಲ್ಲಿ ದಫನ ಮಾಡಿದೆವು. ಮಗುವಿಗೆಂದು ಅವನು ತರುತ್ತಿದ್ದ ಶಾಲೆಯ ಬ್ಯಾಗು ಸಿಗಲಿಲ್ಲ.

ಇಷ್ಟೂ ದಕ್ಕದ ಕುಟುಂಬಗಳಿದ್ದವು. ರಕ್ತದ ಮಾದರಿ ಪಡೆದು ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ನಡೆಸಿದರೂ 12 ದೇಹಗಳ ಗುರುತು ಹತ್ತಲಿಲ್ಲ. ಮೇ 27ರಂದು ಅವುಗಳನ್ನು ಕೂಳೂರು-ತಣ್ಣೀರುಬಾವಿ ರಸ್ತೆಯ ಬದಿಯಲ್ಲಿ, ಫಲ್ಗುಣಿ ನದಿಯ ದಡದಲ್ಲಿ ಸರ್ವಧರ್ಮ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದರು.

ಮೂರು ಬಾರಿ ಹೇಳಿದ ಮಾತು

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ಈ ದುರಂತದ ವರದಿ ಕೊಟ್ಟಿತು. ಅದನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ನಾನು ಓದಿದ್ದು ಬಹಳ ತಡವಾಗಿ.

ವಿಮಾನ ದುಬೈ ಬಿಟ್ಟದ್ದು ಅಲ್ಲಿಯ ಸಮಯ ರಾತ್ರಿ ಒಂದು ಗಂಟೆ ದಾಟಿದ ಮೇಲೆ. ಕಾಕ್‌ಪಿಟ್ಟಿನ ಮಾತುಗಳನ್ನು ದಾಖಲಿಸುವ ಯಂತ್ರದಲ್ಲಿ ಕೊನೆಯ ಎರಡು ಗಂಟೆ ಐದು ನಿಮಿಷದ ಸದ್ದು ಉಳಿದಿತ್ತು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ರೆಯಲ್ಲಿದ್ದರು. ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಾಟದ ಅನುಭವ ಇದ್ದವರು ಅವರು. ಎದ್ದ ಮೇಲೂ ನಿದ್ದೆಯ ಮಂಪರು ಅವರ ತೀರ್ಮಾನಗಳ ಮೇಲೆ ಪರಿಣಾಮ ಬೀರಿರಬೇಕು ಎಂದು ವರದಿ ಹೇಳುತ್ತದೆ. ಮಂಗಳೂರಿನ ರೇಡಾರ್ ಮೇ 20ರಿಂದ ಕೆಟ್ಟಿತ್ತು. ಹಾಗಾಗಿ ವಿಮಾನ ಕೆಳಗಿಳಿಯಲು ಆರಂಭಿಸಿದ್ದೇ ತಡವಾಗಿ. ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು.

ಪಕ್ಕದಲ್ಲಿದ್ದ ಸಹ ಪೈಲಟ್ ಎಚ್.ಎಸ್. ಅಹ್ಲುವಾಲಿಯಾ ಅವರು, ಇಳಿಯುವುದು ಬೇಡ, ಮೇಲೇರಿಸಿ ಸುತ್ತು ಬಳಸಿ ಬರೋಣ ಎಂಬ ಅರ್ಥದ 'ಗೋ ಅರೌಂಡ್' ಎಂಬ ಮಾತನ್ನು ಮೂರು ಬಾರಿ ಹೇಳಿದ್ದರು. ಯಂತ್ರಗಳೂ ಎಚ್ಚರಿಸುತ್ತಿದ್ದವು. ಕ್ಯಾಪ್ಟನ್ ಕೇಳಲಿಲ್ಲ. ರನ್‌ವೇಯಲ್ಲಿ ಸುಮಾರು 1,600 ಮೀಟರ್ ಹಿಂದಕ್ಕೆ ಸರಿದುಹೋದ ಮೇಲೆ ವಿಮಾನ ನೆಲ ಮುಟ್ಟಿತು. ಉಳಿದದ್ದು ಸುಮಾರು 850 ಮೀಟರ್. ವೇಗ ತಗ್ಗಿಸಲು ಶುರು ಮಾಡಿದ ಮೇಲೆ ಕ್ಯಾಪ್ಟನ್ ಮತ್ತೆ ಹಾರಲು ನೋಡಿದರು. ಆಗ ಅದು ಸಾಧ್ಯವಿರಲಿಲ್ಲ. ರನ್‌ವೇಯ ಆಚೆ ಆಂಟೆನಾಕ್ಕೆ ಕಟ್ಟಿದ್ದ ಕಾಂಕ್ರೀಟಿಗೆ ರೆಕ್ಕೆ ಬಡಿದು, ವಿಮಾನ ಬೇಲಿ ದಾಟಿ ಕಣಿವೆಗೆ ಉರುಳಿತು.

ಇಬ್ಬರು ಪೈಲಟ್‌ಗಳೂ ನಮ್ಮವರ ಜೊತೆಗೇ ಪ್ರಾಣ ಬಿಟ್ಟವರು. ತೀರಿಹೋದವರ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ತಿಳಿದವನೊಬ್ಬ ಸರಿಯಾದ ಮಾತನ್ನು ಮೂರು ಸಲ ಹೇಳಿದ್ದನೆಂಬುದು, ಹಿರಿಯನಾದವನು ಅದನ್ನು ಕೇಳಿಸಿಕೊಳ್ಳಲಿಲ್ಲವೆಂಬುದು ನನ್ನನ್ನು ಬಹಳ ಕಾಡಿತು. ಯಾಕೆಂದರೆ ಅದೇ ತಪ್ಪನ್ನು ನಾನೂ ಮಾಡಿದ್ದೆ.

ತಿರುಗಿಸದ ಎರಡನೆಯ ಪುಟ

ದುರಂತವಾದ ಕೆಲವು ತಿಂಗಳಲ್ಲಿ ಎದುರು ಮನೆಗೆ ಹಲವು ಕಡೆಗಳಿಂದ ಇಂಗ್ಲಿಷ್ ಕಾಗದಗಳು ಬರತೊಡಗಿದವು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಬ್ಯಾಂಕು, ವಿಮೆ, ಅವನ ಸಂಬಳದ ಲೆಕ್ಕ. ಅವನ ಹೆಂಡತಿ ಎಸ್ಸೆಸ್ಸೆಲ್ಸಿ ತನಕ ಓದಿದವಳು. ಅಂಥ ಒಂದು ಕಾಗದವನ್ನು ನನ್ನ ಬಳಿ ತಂದಳು. ಮೊದಲ ಪುಟ ಓದಿ, ದುಡ್ಡು ಬರುವ ವಿಷಯ, ತೊಂದರೆ ಇಲ್ಲ, ಸಹಿ ಹಾಕು ಎಂದೆ.

"ಮಾಸ್ಟ್ರೇ, ಸಹಿ ಹಾಕಿದರೆ ಮತ್ತೆ ಏನೂ ಕೇಳಲಿಕ್ಕೆ ಆಗುವುದಿಲ್ಲವಾ?" ಎಂದು ಕೇಳಿದಳು.

"ಅದೆಲ್ಲ ಏನಿಲ್ಲ" ಎಂದೆ.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಅವಳು ಸಹಿ ಹಾಕಿರಲಿಲ್ಲ. ಎರಡನೆಯ ಪುಟದಲ್ಲಿ ತನಗೆ ಅರ್ಥವಾಗದ ಏಳು ಶಬ್ದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. "ನೀವು ನಿನ್ನೆ ಪುಟ ತಿರುಗಿಸಲೇ ಇಲ್ಲ ಮಾಸ್ಟ್ರೇ" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆ ಏಳು ಶಬ್ದಗಳಲ್ಲಿ ನಾಲ್ಕರ ಅರ್ಥ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಹಿಂದಿನ ದಿನ ನನ್ನ ಮಾಸ್ತರಿಕೆ ಬಿಟ್ಟಿರಲಿಲ್ಲ. ಅದೇ ದಿನ ಇಬ್ಬರೂ ಉಡುಪಿಗೆ ಹೋಗಿ ವಕೀಲರೊಬ್ಬರಿಗೆ ತೋರಿಸಿದೆವು. ಹಾಗೇ ಸಹಿ ಹಾಕುವ ಕಾಗದವಲ್ಲ ಇದು ಎಂದು ಅವರು ಹೇಳಿದರು.

ಕಾನೂನಿನ ವಿಷಯ ಆಮೇಲೆ ಕಲಿತೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ವಿಮಾನ ಸಾಗಣೆಯ ನಮ್ಮ 1972ರ ಕಾಯಿದೆಗೆ ಅದಕ್ಕೆ ತಕ್ಕಂತೆ ತಿದ್ದುಪಡಿಯಾಯಿತು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಪ್ರಯಾಣಿಕರು ಸತ್ತರೆ, ಒಂದು ಮಿತಿಯವರೆಗೆ ಕಂಪೆನಿಯ ತಪ್ಪನ್ನು ಸಾಬೀತು ಮಾಡದೆಯೇ ಪರಿಹಾರ ಕೇಳಬಹುದು. ಅದಕ್ಕೂ ಹೆಚ್ಚು ನಷ್ಟವಾಗಿದ್ದರೆ ಆದಾಯದ ದಾಖಲೆ ತೋರಿಸಿ ಕೇಳಬಹುದು. ದಾವೆ ಹೂಡಲು ಇರುವ ಅವಧಿ ಎರಡೇ ವರ್ಷ. 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಕನಿಷ್ಠ 75 ಲಕ್ಷ ರೂಪಾಯಿ ಕೊಡಬೇಕೆಂದಿತು. ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ಕೊನೆಯವರೆಗೆ ಹೋರಾಡಿದ ಒಂದು ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟ್ 7.64 ಕೋಟಿ ರೂಪಾಯಿ ನಿಗದಿ ಮಾಡಿತು. ಸಂಬಳವನ್ನು ಹೇಗೆ ಲೆಕ್ಕ ಹಾಕಬೇಕೆಂಬುದು ಆ ಪ್ರಕರಣದ ಮುಖ್ಯ ಪ್ರಶ್ನೆಯಾಗಿತ್ತು. ಎಲ್ಲರಿಗೂ ಅಷ್ಟು ಸಿಕ್ಕಿತೆಂದಲ್ಲ. ಸಂಬಳದ ಚೀಟಿಯನ್ನು ಜೋಪಾನವಾಗಿ ಇಡದ ಮನೆಗಳು, ಕಾಗದ ಓದಿ ಹೇಳುವವರಿಲ್ಲದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಕೂಳೂರಿನಲ್ಲಿ

2020ರ ಆಗಸ್ಟ್ 7ರಂದು ಕೋಝಿಕ್ಕೋಡಿನಲ್ಲಿ, ಅದೂ ಟೇಬಲ್ ಟಾಪ್ ರನ್‌ವೇಯಲ್ಲಿ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಳೆಯಲ್ಲಿ ರನ್‌ವೇ ದಾಟಿ ಕೆಳಗೆ ಬಿದ್ದು 21 ಮಂದಿ ತೀರಿಕೊಂಡರು. ಆ ತನಿಖೆಯ ವರದಿಯಲ್ಲೂ ಅದೇ ಮಾತಿದೆ. ಜೊತೆಯ ಪೈಲಟ್ 'ಗೋ ಅರೌಂಡ್' ಎಂದಿದ್ದರು, ವಿಮಾನ ಆದರೂ ಇಳಿಯಿತು. ಬಜ್ಪೆಯ ದುರಂತ ನಡೆದು ಹತ್ತು ವರ್ಷ ಆಗಿತ್ತು. ಪ್ರತಿ ಮೇ 22ರಂದು ನಾವು ಹೂ ಇಟ್ಟು, ಎರಡು ನಿಮಿಷ ಮೌನ ಆಚರಿಸಿದ್ದೆವು. ಆದರೆ ಅಲ್ಲಿ ಕಲಿಯಬೇಕಿದ್ದ ಪಾಠ ಮರೆತುಹೋಗಿತ್ತು.

ಅಹ್ಮದಾಬಾದಿನ ದುರಂತದ ನಂತರದ ಒಂದು ಭಾನುವಾರ ತಾಯಿ ಮಗಳನ್ನು ಕರೆದುಕೊಂಡು ಕೂಳೂರಿನ ಸ್ಮಾರಕ ಉದ್ಯಾನಕ್ಕೆ ಹೋದೆ. ನದಿ ತುಂಬಿ ಹರಿಯುತ್ತಿತ್ತು. "ಇಲ್ಲಿರುವ 12 ಮಂದಿ ಯಾರು ಅಜ್ಜಾ?" ಎಂದು ಹುಡುಗಿ ಕೇಳಿದಳು. ಆ ಬೆಳಗ್ಗೆ ಬಜ್ಪೆಯಲ್ಲಿ ನಮ್ಮ ಪಕ್ಕದಲ್ಲಿ ನಿಂತು ಕಾಯುತ್ತಿದ್ದವರ ಮಕ್ಕಳು ಇರಬಹುದು ಎಂದೆ. ಅವಳು ತನ್ನ ತಂದೆಗೆಂದು ಮಾಡಿದ ದುಆವನ್ನೇ ಅವರಿಗೂ ಮಾಡಿದಳು. ಬರುವಾಗ ಕಾರಿನಲ್ಲಿ ಅವಳ ತಾಯಿ ಮೊದಲ ಬಾರಿಗೆ ಆ ದಿನದ ಬಗ್ಗೆ ಮಾತನಾಡಿದಳು. ಆ ದಿನ ಬೆಳಗ್ಗೆ ಚಹಾಕ್ಕೆ ನೀರಿಟ್ಟದ್ದು, ನೆರೆಮನೆಯವರು ಬಂದು ಸುಮ್ಮನೆ ನಿಂತದ್ದು. ಕಾಪು ಮುಟ್ಟುವವರೆಗೂ ಮಾತನಾಡಿದಳು.

ವಿದ್ಯಾರ್ಥಿಗಳಲ್ಲಿ ಕೋರಿಕೆ

ನಿಮ್ಮಲ್ಲಿ ಹೆಚ್ಚಿನವರು 2010ರಲ್ಲಿ ಹಾಲುಗಲ್ಲದ ಮಕ್ಕಳು, ಅಥವಾ ಹುಟ್ಟಿಯೇ ಇರಲಿಲ್ಲ. ಆ ದಿನವನ್ನು ಕಂಡವರು ನಿಮ್ಮ ಮನೆಯಲ್ಲೇ ಇದ್ದಾರೆ. ಅಜ್ಜಿಯ ಹತ್ತಿರ, ಗಲ್ಫಿನಿಂದ ಮರಳಿದ ಮಾವನ ಹತ್ತಿರ ಕುಳಿತು ಕೇಳಿರಿ. ಬೊಂಬಾಯಿಯ ಬಸ್ಸಿನಿಂದ ಹಿಡಿದು ಬಜ್ಪೆಯ ಆ ಬೆಳಗಿನ ತನಕ ಅವರು ಹೇಳಿದ್ದನ್ನು ನಾಲ್ಕು ಪುಟ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ತಪ್ಪಿದ್ದರೂ ಪರವಾಗಿಲ್ಲ. ಅವುಗಳನ್ನು ಸಂಘದ ಗ್ರಂಥಾಲಯದಲ್ಲಿ ಒಂದೆಡೆ ಇಡಬೇಕೆಂದು ಪದಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.

ಸದಸ್ಯರಲ್ಲಿ ಇನ್ನೊಂದು ವಿನಂತಿ. ವಿದ್ಯಾರ್ಥಿ ವೇತನ ಹಂಚುವುದರ ಜೊತೆಗೆ, ತಿಂಗಳಿಗೊಂದು ದಿನ ನಮ್ಮ ಪದವೀಧರರು ಕುಳಿತು, ಯಾರೇ ಬಂದರೂ ಅವರ ಕಾಗದಗಳನ್ನು ಕೊನೆಯ ಪುಟದವರೆಗೆ ಓದಿ ಹೇಳುವ ವ್ಯವಸ್ಥೆಯಾಗಲಿ. ಅರ್ಥವಾಗದ ಶಬ್ದ ಬಂದರೆ, ಗೊತ್ತಿಲ್ಲ, ತಿಳಿದವರನ್ನು ಕೇಳೋಣ ಎನ್ನುವ ಧೈರ್ಯ ಓದಿದವರಿಗಿರಲಿ. ಹಿರಿಯರು ತಪ್ಪುತ್ತಿದ್ದರೆ ನಾಲ್ಕನೆಯ ಸಲವೂ ಹೇಳುವ ಧೈರ್ಯ ಕಿರಿಯರಿಗಿರಲಿ.

ಹುಡುಗಿಗೆ ಬರೆದು ಕೊಟ್ಟ ಹಾಳೆಗಳನ್ನು ಅವಳು ಮರುದಿನ ವಾಪಸು ತಂದಳು. ಎರಡು ಕಡೆ ಪೆನ್ಸಿಲಿನ ಗೆರೆ ಇತ್ತು. "ಬಾಪನ ಶರ್ಟಿನ ಬಣ್ಣ ನೀವು ಒಂದು ಕಡೆ ನೀಲಿ, ಇನ್ನೊಂದು ಕಡೆ ಹಸಿರು ಎಂದು ಬರೆದಿದ್ದೀರಿ ಅಜ್ಜಾ. ಯಾವುದು ಸರಿ?" ಎಂದಳು. ಪರ್ಕಳದ ಆ ಹುಡುಗ ಈಗ ಊರಲ್ಲೇ ಇದ್ದಾನೆ. ಅವನಿಗೆ ಫೋನ್ ಮಾಡಿ ಕೇಳಿದೆವು. ನೀಲಿಯೇ ಸರಿ.

ಅಗಲಿದ 158 ಮಂದಿಗಾಗಿಯೂ ಅವರನ್ನು ಕಾದು ನಿಂತವರಿಗಾಗಿಯೂ ನಮ್ಮೆಲ್ಲರ ದುಆ ಇರಲಿ.